ಪಾಲ್ ಸೈಮನ್ ಬ್ರೆಜಿಲ್‌ಗೆ ಹೋಗಿ ಮಾಡಿದ ಆಲ್ಬಮ್: ಡ್ರಮ್ ಮೊದಲು, ಹಾಡು ಆಮೇಲೆ ಅಂದರೆ ಹೇಗೆ?

ಕೋಡಿಬಾಗ_ಕೀಬೋರ್ಡ್ (ಕಾರವಾರ)

ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅವರ 'ದಿ ರಿದಮ್ ಆಫ್ ದಿ ಸೇಂಟ್ಸ್' ಆಲ್ಬಮ್ ಕೂತು ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? 1990ರಲ್ಲಿ ಬಂದದ್ದು. ಇದಕ್ಕೆ ಮೊದಲಿನ 'ಗ್ರೇಸ್‌ಲ್ಯಾಂಡ್' ಬಗ್ಗೆ ಬೇಕಾದಷ್ಟು ಮಾತು ಸಿಗುತ್ತದೆ, 1986ರಲ್ಲಿ ದಕ್ಷಿಣ ಆಫ್ರಿಕಾದವರ ಜೊತೆ ಮಾಡಿದ್ದು. ಈ ಬ್ರೆಜಿಲ್ ಆಲ್ಬಮ್ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ.

ಮೊದಲ ಹಾಡು 'ದಿ ಆಬ್ವಿಯಸ್ ಚೈಲ್ಡ್' ಶುರುವಾಗೋದೇ ಡ್ರಮ್‌ನಿಂದ. ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ದೊಡ್ಡ ದೊಡ್ಡ ಡ್ರಮ್‌ಗಳ ಒಂದು ಗುಂಪು, ಸುತ್ತಲಿನ ಗೋಡೆಗೆ ಬಡಿದು ವಾಪಸ್ ಬರುವ ಸದ್ದು. ಆಮೇಲೆ ಹಾಡುವ ದನಿ ಬರುತ್ತದೆ. ಜೋರು ದನಿ ಏನಲ್ಲ, ಪಕ್ಕದಲ್ಲಿ ಕೂತು ಮಾತಾಡಿದಷ್ಟೇ ಮೆತ್ತಗೆ. ಆದರೂ ಅಷ್ಟು ಡ್ರಮ್ ನಡುವೆ ಮುಳುಗೋದಿಲ್ಲ! ನಾನು ಜಾತ್ರೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ನಮ್ಮಲ್ಲಿ ಡ್ರಮ್ ಜೋರಾದರೆ ಹಾಡುವವರು ಇನ್ನೂ ಜೋರಾಗಿ ಕೂಗಬೇಕು, ಕೊನೆಗೆ ಎರಡೂ ಸರಿಯಾಗಿ ಕೇಳೋದಿಲ್ಲ. ಇಲ್ಲಿ ಹಾಗೆ ಯಾಕೆ ಆಗಲಿಲ್ಲ?

ಕೇಳೋದಕ್ಕೆ ಇನ್ನೊಂದು ಕಾರಣ ಇದೆ. ಅಂಕೋಲಾ ಕಡೆಯ ಗುಮಟೆ ಪಾಂಗಿನವರ (ಗುಮಟೆ ಅನ್ನುವ ಮಣ್ಣಿನ ವಾದ್ಯ ಸಾಲಾಗಿ ಕೂತು ಬಾರಿಸಿ ಹಾಡುವವರ) ಜೊತೆ ಸೇರಿ ನಾಲ್ಕೈದು ಹಾಡು ರೆಕಾರ್ಡ್ ಮಾಡಬೇಕು ಅಂತ ನಾನೂ ನನ್ನ ಗೆಳೆಯರೂ ಹೊರಟಿದ್ದೇವೆ. ಪಾಪ್ ಹಾಡುಗಳೇ, ಕನ್ನಡದಲ್ಲಿ ಮತ್ತು ಕೊಂಕಣಿಯಲ್ಲಿ. ನಮ್ಮ ಗಿಟಾರ್ ಹುಡುಗ ಹೇಳ್ತಾನೆ, ಮೊದಲು ಟ್ಯೂನ್ ಪೂರ್ತಿ ಮಾಡೋಣ, ಕ್ಲಿಕ್ (ಲಯ ಸಮ ಇಡಲು ಕಿವಿಗೆ ಬರುವ ಟಕ್ ಟಕ್ ಸದ್ದು) ಹಾಕಿ ಗಿಟಾರ್, ಕೀಬೋರ್ಡ್, ದನಿ ಎಲ್ಲ ರೆಕಾರ್ಡ್ ಮಾಡೋಣ, ಕೊನೆಗೆ ಗುಮಟೆಯವರನ್ನು ಕರೆದು ಮೇಲೆ ಬಾರಿಸಿಕೊಳ್ಳೋಣ ಅಂತ. ನನಗೆ ಯಾಕೋ ಅದು ಒಪ್ಪಿಗೆ ಆಗ್ತಾ ಇಲ್ಲ. ಸೈಮನ್ ಇದನ್ನೇ ಉಲ್ಟಾ ಮಾಡಿದ್ದರು, ಡ್ರಮ್ ಮೊದಲು ರೆಕಾರ್ಡ್ ಮಾಡಿಕೊಂಡು ಹಾಡು ಆಮೇಲೆ ಬರೆದರು ಅಂತ ಓದಿದೆ. ಹೌದಾ? ಹೇಗೆ ಮಾಡಿದರು? ಬಾರಿಸಿದವರಿಗೆ ಏನು ಸಿಕ್ಕಿತು? ಮೂಲ ಬ್ರೆಜಿಲ್ ಸಂಗೀತ ಕೇಳಬೇಕಾದರೆ ಎಲ್ಲಿಂದ ಶುರು ಮಾಡಲಿ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.


ಶಿರಸಿ_ಕ್ಯಾಸೆಟ್

ನೀವು ಓದಿದ್ದು ಸರಿ ಇದೆ. ನನಗೆ ಈ ಆಲ್ಬಮ್ ಕ್ಯಾಸೆಟ್ ಕಾಲದಿಂದಲೂ ಅಚ್ಚುಮೆಚ್ಚು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ಬ್ರೆಜಿಲ್‌ನ ಈಶಾನ್ಯದಲ್ಲಿ ಬಹಿಯಾ ಅಂತ ಒಂದು ರಾಜ್ಯ. ರಾಜಧಾನಿ ಸಾಲ್ವಡಾರ್, ಸಮುದ್ರದ ದಂಡೆಯ ಊರು. ಅಲ್ಲಿನ ಹಳೇ ಪೇಟೆಗೆ ಪೆಲೊರಿನ್ಯೊ ಅಂತಾರೆ. ಗುಲಾಮರನ್ನು ಕಟ್ಟಿ ಎಲ್ಲರೆದುರು ಹೊಡೆಯುತ್ತಿದ್ದ ಕಂಬ ಇದ್ದ ಜಾಗ ಅದು. ಆ ಕೇರಿಯ ಆಫ್ರಿಕಾ ಮೂಲದ ಜನ 1979ರಲ್ಲಿ ಕಾರ್ನಿವಲ್‌ಗೆ ಅಂತ ಕಟ್ಟಿಕೊಂಡ ತಂಡ ಒಲೊಡುಮ್. ನೀವು ಕೇಳಿದ ಡ್ರಮ್ ಅವರದ್ದೇ. ತಂಡದ ಡ್ರಮ್ ಗುರು ನೆಗಿನ್ಯೊ ದೊ ಸಾಂಬಾ. ಸಾಂಬಾದ ನಡೆಗೆ ಜಮೈಕಾದ ರೆಗ್ಗೆಯ ತೂಕ ಸೇರಿಸಿ ಸಾಂಬಾ-ರೆಗ್ಗೆ ಅನ್ನುವ ಬೀಟ್ ಕಟ್ಟಿದವರು ಅಂದರೆ ಮೊದಲು ಇವರ ಹೆಸರೇ ಬರುತ್ತದೆ. ಸೈಮನ್ ಇವರನ್ನು ಸ್ಟುಡಿಯೋಗೆ ಕರೆಸಲಿಲ್ಲ. ಪೆಲೊರಿನ್ಯೊ ಚೌಕದಲ್ಲೇ, ಬಯಲಲ್ಲೇ ರೆಕಾರ್ಡ್ ಮಾಡಿದರು. ಗೋಡೆಗೆ ಬಡಿದು ಬರುವ ಸದ್ದು ಅಂದಿರಲ್ಲ, ಅದು ಆ ಚೌಕದ ಹಳೇ ಮನೆಗಳ ಗೋಡೆ. ಸ್ಟುಡಿಯೋದಲ್ಲಿ ಎಷ್ಟು ಎಕೋ ಹಾಕಿದರೂ ಅದು ಬರೋದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ದನಿ ಯಾಕೆ ಮುಳುಗೋದಿಲ್ಲ ಅನ್ನೋದು. ಹೆಡ್‌ಫೋನ್ ಹಾಕಿ ಮೊದಲ ಅರ್ಧ ನಿಮಿಷ ಮಾತ್ರ ಮತ್ತೆ ಮತ್ತೆ ಕೇಳಿ. ಕೆಳಗೆ ಸುರ್ದು ಅನ್ನುವ ದೊಡ್ಡ ಡ್ರಮ್‌ಗಳಿವೆ, ಸೊಂಟಕ್ಕೆ ಕಟ್ಟಿಕೊಂಡು ಮೆತ್ತನೆ ತಲೆಯ ಕೋಲಿನಿಂದ ಬಾರಿಸೋದು. ಒಲೊಡುಮ್‌ನವರ ಸುರ್ದುಗಳೆಲ್ಲ ಒಂದೇ ಶ್ರುತಿಯಲ್ಲಿ ಇರೋದಿಲ್ಲ. ಒಂದು ಕೆಳಗೆ ಗುಡುಗಿದರೆ ಇನ್ನೊಂದು ಸ್ವಲ್ಪ ಮೇಲಿನಿಂದ ಉತ್ತರ ಕೊಡುತ್ತದೆ, ಮತ್ತೆರಡು ನಡುವಿನ ಸಂದಿ ತುಂಬುತ್ತವೆ. ಎಲ್ಲಕ್ಕಿಂತ ಮೇಲೆ ಕೈಶಾ ಮತ್ತು ಹೆಪಿನಿಕಿ, ಅಂದರೆ ಸಣ್ಣ ಡ್ರಮ್‌ಗಳು, ತೆಳು ಕೋಲಿನಿಂದ ಚಟಪಟ ಅಂತ ಸಿಡಿಯುವಂಥವು. ಕೆಳಗೆ ಗುಡುಗು, ಮೇಲೆ ಚಟಪಟ, ನಡುವೆ ಮನುಷ್ಯರ ದನಿ ಇರುವ ಎತ್ತರದಲ್ಲಿ ಜಾಗ ಖಾಲಿ. ಸೈಮನ್ ಹಾಡಿದ್ದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಟ್ಯೂನ್ ಮೊದಲೇ ಮಾಡಿಟ್ಟುಕೊಂಡು ಹೋಗಿದ್ದರೆ ಈ ಜಾಗ ಅವರಿಗೆ ಕಾಣ್ತಾನೇ ಇರಲಿಲ್ಲ ಅಂತ ನನ್ನ ನಂಬಿಕೆ.

ಬ್ರೆಜಿಲ್‌ನಲ್ಲಿ ಹೀಗೆ ಬೇರೆ ಬೇರೆಯವರ ತಾಳವಾದ್ಯ ರೆಕಾರ್ಡ್ ಮಾಡಿಕೊಂಡು ಟೇಪ್‌ಗಳನ್ನು ನ್ಯೂಯಾರ್ಕ್‌ಗೆ ಒಯ್ದರು. ಅಲ್ಲಿ ಕ್ಯಾಮರೂನ್ ದೇಶದ ಗಿಟಾರ್ ವಾದಕ ವಿನ್ಸೆಂಟ್ ಎನ್‌ಗಿನಿ ಬಂದು ಸೇರಿಕೊಂಡರು. ಈ ಆಲ್ಬಮ್‌ನ ಗಿಟಾರ್ ಕೇಳಿದರೆ ಬ್ರೆಜಿಲ್ ಗಿಟಾರ್ ಅನಿಸೋದಿಲ್ಲ ಅಲ್ವಾ? ಪಶ್ಚಿಮ ಆಫ್ರಿಕಾದ ಗಿಟಾರ್ ಅದು, ಒಂದೊಂದೇ ತಂತಿ ಚಿಮ್ಮಿಸುತ್ತಾ ಸುತ್ತಿ ಸುತ್ತಿ ಬರುವಂಥದ್ದು. ಡ್ರಮ್ ಮೇಲೆ ಗಿಟಾರ್, ಗಿಟಾರ್ ಮೇಲೆ ರಾಗ, ಮಾತು ಎಲ್ಲಕ್ಕಿಂತ ಕೊನೆಗೆ. ಹಾಗಾಗಿಯೇ ಸಾಹಿತ್ಯ ಕೂಡ ಕಥೆ ಹೇಳಿದಂತೆ ನೇರ ಹೋಗೋದಿಲ್ಲ, ಬೀಟ್ ಎಲ್ಲಿ ಬಿಡ್ತದೋ ಅಲ್ಲಿ ನಿಲ್ಲುತ್ತದೆ.

ಇನ್ನೂ ಇಬ್ಬರು ಮೂವರ ಬಗ್ಗೆ ಹೇಳಲೇಬೇಕು. ರೆಸಿಫಿ ಊರಿನ ನಾನಾ ವಾಸ್ಕೊನ್ಸೆಲೊಸ್ ಇದರಲ್ಲಿ ಬಾರಿಸಿದ್ದಾರೆ. ಬೆರಿಂಬಾವು ಅನ್ನುವ ವಾದ್ಯವನ್ನು ಜಗತ್ತಿಗೆಲ್ಲ ಕೇಳಿಸಿದವರು ಅವರು. ಬಿಲ್ಲಿಗೆ ಒಂದೇ ತಂತಿ, ಕೆಳಗೆ ಒಂದು ಸೋರೆ ಬುರುಡೆ, ಅಷ್ಟೇ ವಾದ್ಯ. ಬುರುಡೆಯ ಬಾಯಿ ಹೊಟ್ಟೆಗೆ ಒತ್ತಿ ಬಿಟ್ಟು ಮಾಡುತ್ತಾ ಸದ್ದು ಬದಲಿಸೋದು. 2016ರಲ್ಲಿ ತೀರಿಕೊಂಡರು. ಬ್ರೆಜಿಲ್‌ನ ಹಾಡುಗಾರ ಮಿಲ್ಟನ್ ನಾಸಿಮೆಂಟು 'ಸ್ಪಿರಿಟ್ ವಾಯ್ಸಸ್' ಹಾಡಿನಲ್ಲಿ ಪೋರ್ಚುಗೀಸ್‌ನಲ್ಲಿ ಹಾಡಿದ್ದಾರೆ, ಅಮೆಜಾನ್ ಕಾಡಿನ ನಾಟಿ ವೈದ್ಯರೊಬ್ಬರ ಹತ್ತಿರ ಸೈಮನ್ ಹೋಗಿ ಬಂದದ್ದರಿಂದ ಹುಟ್ಟಿದ ಹಾಡು. ಮತ್ತೆ ಬೆಲೊ ಹೊರಿಜೊಂಟಿಯ ಊಆಕ್‌ಚಿ ತಂಡ. ಪಿವಿಸಿ ಪೈಪು, ಗಾಜು, ಮರ ಇಂಥದ್ದರಿಂದ ತಮ್ಮ ವಾದ್ಯ ತಾವೇ ಮಾಡಿಕೊಳ್ಳುತ್ತಿದ್ದವರು. 'ಕಾಂಟ್ ರನ್ ಬಟ್' ಹಾಡಿನಲ್ಲಿ ಗಡಿಯಾರದ ಒಳಗಿನ ಚಕ್ರದ ಹಾಗೆ ಟಿಕಿಟಿಕಿ ಓಡುವ ಸದ್ದು ಅವರದ್ದು.

'ದಿ ಕೂಲ್, ಕೂಲ್ ರಿವರ್' ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ. ಒಂಬತ್ತರ ಲೆಕ್ಕದಲ್ಲಿ ಹೋಗಿ ನಡುವೆ ನಾಲ್ಕಕ್ಕೆ ತಿರುಗುತ್ತದೆ. ತಾಳ ತಪ್ಪಿತೋ ಅನಿಸುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತದೆ. ಪಾಪ್ ಆಲ್ಬಮ್‌ನಲ್ಲಿ ಇಂಥದ್ದನ್ನು ಇಷ್ಟು ಸಲೀಸಾಗಿ ಮಾಡಿದ್ದು ನಾನು ಬೇರೆ ಕೇಳಿಲ್ಲ.


ಚಂಡೆಮದ್ದಲೆ_ಹೊನ್ನಾವರ

ಶಿರಸಿಯವರು ಚೆನ್ನಾಗಿ ಬರೆದಿದ್ದಾರೆ. ಆದರೆ ಬಾರಿಸಿದವರಿಗೆ ಏನು ಸಿಕ್ಕಿತು ಅನ್ನುವ ಪ್ರಶ್ನೆಯನ್ನು ಹಾಗೇ ದಾಟಿ ಹೋದರು. ಅದೇ ಮುಖ್ಯ ಮಾರಾಯ್ರೆ.

ಆಲ್ಬಮ್ ಮೇಲೆ ಒಲೊಡುಮ್ ಹೆಸರು ಇದೆ, ನಿಜ. ಆದರೆ 'ದಿ ಆಬ್ವಿಯಸ್ ಚೈಲ್ಡ್' ಬರೆದವರು ಯಾರು ಅಂತ ನೋಡಿ, ಪಾಲ್ ಸೈಮನ್ ಒಬ್ಬರೇ. ಆ ಹಾಡಿನಿಂದ ಡ್ರಮ್ ತೆಗೆದರೆ ಉಳಿಯೋದು ಏನು? ಒಂದು ಸಾಧಾರಣ ಗಿಟಾರ್ ಹಾಡು. ಪಾಶ್ಚಾತ್ಯ ಕಾಪಿರೈಟ್ ಲೆಕ್ಕದಲ್ಲಿ ರಾಗ ಮತ್ತು ಮಾತು ಬರೆದವರು ಹಾಡಿನ ಒಡೆಯರು, ತಾಳ ಕಟ್ಟಿದವರು ಬಾರಿಸಿದ ಕೂಲಿ ತಗೊಂಡು ಹೋಗಬೇಕು. ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ದುಡ್ಡು ಬರೋದು ಬರೆದವರಿಗೆ. ನಮ್ಮ ಚಂಡೆಯವರು, ಮದ್ದಲೆಯವರು ಜೀವಮಾನ ಇಡೀ ಕಟ್ಟಿದ ಪೆಟ್ಟುಗಳಿಗೆ ಒಡೆತನ ಎಲ್ಲಿದೆ? ಭಾಗವತರ ಹೆಸರು ಕ್ಯಾಸೆಟ್ ಮೇಲೆ ದೊಡ್ಡದಾಗಿ, ಮದ್ದಲೆಯವರ ಹೆಸರು ಹಿಂಬದಿಗೆ ಸಣ್ಣಕ್ಕೆ. ನಾನು ಈ ಕಡೆಯಿಂದ ನೋಡುವವನು, ನನಗೆ ಇದು ಕಣ್ಣಿಗೆ ಹೊಡೆಯುತ್ತದೆ.

'ಗ್ರೇಸ್‌ಲ್ಯಾಂಡ್' ಹೊತ್ತಿಗೂ ಗಲಾಟೆ ಆಗಿತ್ತು. ಆಗ ದಕ್ಷಿಣ ಆಫ್ರಿಕಾದ ಮೇಲೆ ವಿಶ್ವಸಂಸ್ಥೆಯ ಸಾಂಸ್ಕೃತಿಕ ಬಹಿಷ್ಕಾರ ಇತ್ತು, ಅದನ್ನು ಮೀರಿ ಹೋದರು ಅಂತ ದೂರು. ಬ್ರೆಜಿಲ್‌ನಲ್ಲಿ ಆ ತಕರಾರು ಇರಲಿಲ್ಲ. ಆದರೆ ಯಾರ ತಾಳ, ಯಾರ ಹಾಡು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಇನ್ನೊಂದು ಮಾತು. ಮೊದಲ ಹಾಡಿನಲ್ಲಿ ಡ್ರಮ್‌ನವರು ಎದುರಿಗೆ ನಿಂತು ಬಾರಿಸುತ್ತಾರೆ. ಆಮೇಲಿನ ಸುಮಾರು ಹಾಡುಗಳಲ್ಲಿ ಅವರನ್ನು ಹಿಂದಕ್ಕೆ ಸರಿಸಿ, ನುಣುಪು ಮಾಡಿ, ಮೇಲೆ ಗಿಟಾರ್ ಹೊದಿಸಿದ್ದಾರೆ. ಕೇಳಲಿಕ್ಕೆ ಹಿತವಾಗಿದೆ, ಇಲ್ಲ ಅನ್ನೋದಿಲ್ಲ. ಆದರೆ ಬೀದಿಯ ಬಿಸಿ ಅಲ್ಲಿ ಇಲ್ಲ. ಕೋಡಿಬಾಗದವರೇ, ನಿಮ್ಮ ಗುಮಟೆಯವರಿಗೆ ಹೀಗೆ ಆಗದ ಹಾಗೆ ನೋಡಿಕೊಳ್ಳಿ. ಅವರ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಬರಬೇಕು. ದುಡ್ಡು ಎಷ್ಟು, ಮುಂದೆ ಬಂದರೆ ಯಾರಿಗೆ ಎಷ್ಟು ಪಾಲು, ಎಲ್ಲ ಮೊದಲೇ ಕಾಗದದ ಮೇಲೆ ಬರೆದು ಓದಿ ಹೇಳಿ. ಬಾಯಿಮಾತು ಬೇಡ.


ಶಿರಸಿ_ಕ್ಯಾಸೆಟ್

ನಿಮ್ಮ ಮಾತಿನ ಅರ್ಧ ಒಪ್ತೇನೆ. ಒಡೆತನದ ಲೆಕ್ಕ ಅನ್ಯಾಯದ್ದೇ. ಆದರೆ ಅದೇ ಆಲ್ಬಮ್‌ನಲ್ಲಿ 'ದಿ ಕೋಸ್ಟ್' ಹಾಡಿಗೆ ಎನ್‌ಗಿನಿ ಹೆಸರೂ ಬರೆದವರ ಜಾಗದಲ್ಲೇ ಇದೆ. ಅಂದರೆ ಮನಸ್ಸು ಮಾಡಿದರೆ ಕೊಡಬಹುದಿತ್ತು, ಗಿಟಾರ್‌ಗೆ ಕೊಟ್ಟವರು ಡ್ರಮ್‌ಗೆ ಕೊಡಲಿಲ್ಲ. ಇದನ್ನು ನಿಮ್ಮ ವಾದಕ್ಕೇ ಸೇರಿಸಿಕೊಳ್ಳಿ.

ನುಣುಪು ಮಾಡಿದ್ದಾರೆ ಅನ್ನೋದನ್ನು ಮಾತ್ರ ಒಪ್ಪೋದಿಲ್ಲ. ಎಲ್ಲ ಹಾಡೂ ಬೀದಿ ಮೆರವಣಿಗೆ ಆಗಬೇಕಾಗಿಲ್ಲ. ಆಲ್ಬಮ್ ಹೆಸರಲ್ಲಿರುವ ತಾಳ ಇನ್ನೊಂದು ಬಗೆಯದು, ಅದು ಮನೆಯೊಳಗಿನ ಪೂಜೆಯ ತಾಳ. ಬಹಿಯಾದಲ್ಲಿ ಕಾಂದೊಂಬ್ಲೆ ಅಂತ ಒಂದು ಆರಾಧನೆ ಇದೆ, ಆಫ್ರಿಕಾದ ಯೊರುಬಾ ಜನರ ದೇವರುಗಳದ್ದು. ಮೂರು ಡ್ರಮ್ ಇರುತ್ತವೆ, ರುಂ, ರುಂಪಿ, ಲೇ, ದೊಡ್ಡದರಿಂದ ಸಣ್ಣದಕ್ಕೆ. ಒಂದೊಂದು ದೇವರಿಗೂ ಅದರದ್ದೇ ತಾಳ. ಆ ತಾಳ ಬಾರಿಸಿದರೆ ಆ ದೇವರು ಮೈಮೇಲೆ ಬರುತ್ತದೆ. ದರ್ಶನ, ಭಾರ ಬರೋದು ಎಲ್ಲ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಲಾಮರಿಗೆ ತಮ್ಮ ದೇವರನ್ನು ಪೂಜಿಸಲು ಬಿಡದೆ ಇದ್ದಾಗ ಅವರು ಇಗರ್ಜಿಯ ಸಂತರ ಮರೆಯಲ್ಲಿ ತಮ್ಮ ದೇವರನ್ನು ಉಳಿಸಿಕೊಂಡರು. ಬಹಿಯಾದಲ್ಲಿ ಓಗುಂ ದೇವರಿಗೆ ಸಂತ ಅಂತೋನಿ ಜೋಡಿ, ಹೀಗೆ. ಆಲ್ಬಮ್ ಹೆಸರಿನ ಸಂತರು ಅಂದರೆ ಇವರೇ. ಬಹಿಯಾದಲ್ಲಿ ಇಂಥ ಪೂಜೆ ಮಾಡಬೇಕಾದರೆ 1976ರ ತನಕ ಪೊಲೀಸರ ಹತ್ತಿರ ನೋಂದಣಿ ಮಾಡಿಸಬೇಕಿತ್ತು. ಅದು ತಪ್ಪಿ ಮೂರು ವರ್ಷಕ್ಕೆ ಒಲೊಡುಮ್ ಹುಟ್ಟಿದ್ದು.

ಅದರಿಂದ ಕೊನೆಯ ಹಾಡುಗಳಲ್ಲಿ ದನಿ ತಗ್ಗಿಸಿ, ಡ್ರಮ್ ತಗ್ಗಿಸಿ ಹಾಡಿದ್ದು ನನಗೆ ಸರಿಯಾಗೇ ಕಾಣುತ್ತದೆ.


ಯಲ್ಲಾಪುರ_ಘಟ್ಟ

ಚರ್ಚೆ ಒಳ್ಳೇದಾಗಿ ಹೋಗ್ತಾ ಇದೆ. ನಮ್ಮ ಜಿಲ್ಲೆಯವರು ಇದನ್ನು ಕೇಳುವಾಗ ಆಫ್ರಿಕಾ ಮೂಲದ ಸಿದ್ದಿಗಳು ನೆನಪಾಗದೆ ಇರೋದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಕಾಡಂಚಿನ ಸಿದ್ದಿಗಳ ಡಮಾಮಿ ಡ್ರಮ್ ಒಮ್ಮೆ ಎದುರು ನಿಂತು ಕೇಳಿದವರಿಗೆ ಗೊತ್ತು. ಡಮಾಮಿ ಶುರುವಾದ ಮೇಲೆ ಸುಮ್ನೆ ಕೂತಿರೋದು ಕಷ್ಟ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಬಹಿಯಾದ್ದೂ ಇದೂ ಒಂದೇ ಸಂಗೀತ ಅಂತ ಕೆಲವರು ಹೇಳಿಬಿಡ್ತಾರೆ. ಹಾಗಲ್ಲ.

ಎರಡನ್ನೂ ಜೋಡಿಸೋದು ಪೋರ್ಚುಗೀಸರ ಹಡಗು. ಬ್ರೆಜಿಲ್‌ಗೆ ಹೆಚ್ಚಾಗಿ ಒಯ್ದದ್ದು ಆಫ್ರಿಕಾದ ಪಶ್ಚಿಮ ಕರಾವಳಿಯ ಜನರನ್ನು, ಈಗಿನ ಬೆನಿನ್, ನೈಜೀರಿಯಾ, ಅಂಗೋಲಾ ಕಡೆಯವರನ್ನು. ಗೋವಾಕ್ಕೆ ತಂದದ್ದು ಹೆಚ್ಚಾಗಿ ಪೂರ್ವ ಕರಾವಳಿಯವರನ್ನು, ಮೊಜಾಂಬಿಕ್ ಕಡೆಯವರನ್ನು. ಗೋವಾದಿಂದ ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದು ನೆಲೆ ನಿಂತವರ ಮಕ್ಕಳು ಮೊಮ್ಮಕ್ಕಳು ಇಲ್ಲಿನ ಸಿದ್ದಿಗಳಲ್ಲಿ ಬಹಳ ಜನ. ಭಾಷೆ ಬೇರೆ, ದೇವರು ಬೇರೆ, ತಾಳ ಬೇರೆ. ಅನುಭವಿಸಿದ ಕಷ್ಟ ಒಂದೇ ಬಗೆಯದು. ಬ್ರೆಜಿಲ್‌ಗೆ ಸುಮಾರು 48 ಲಕ್ಷ ಜನರನ್ನು ಗುಲಾಮರಾಗಿ ಸಾಗಿಸಿದರು ಅಂತ ಇತಿಹಾಸಕಾರರ ಲೆಕ್ಕ. ಅಲ್ಲಿ ಗುಲಾಮಗಿರಿ ನಿಂತದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ. ಸಾಲ್ವಡಾರ್ 1763ರ ತನಕ ಪೋರ್ಚುಗೀಸ್ ಬ್ರೆಜಿಲ್‌ನ ರಾಜಧಾನಿ. ಇಲ್ಲಿ ಬಿಣಗಾ ಎದುರಿನ ಅಂಜುದ್ವೀಪದಲ್ಲಿ ಅದೇ ಪೋರ್ಚುಗೀಸರು 1682ರಲ್ಲಿ ಕೋಟೆ ಕಟ್ಟಿದರು. ನಮ್ಮ ಗುಡ್ಡ ತುಂಬ ಇರುವ ಗೇರು ಮರ ಕೂಡ ಬ್ರೆಜಿಲ್‌ನಿಂದ ಅವರೇ ತಂದದ್ದು. ಹಾಗಾಗಿ ಬಹಿಯಾ ನಮಗೆ ತೀರಾ ಹೊರಗಿನದ್ದೂ ಅಲ್ಲ.

ಒಲೊಡುಮ್‌ನವರಿಂದ ಕಲಿಯಬೇಕಾದದ್ದು ಅಂದರೆ ಅವರು ಡ್ರಮ್ ಬಾರಿಸಿ ಮನೆಗೆ ಹೋಗಲಿಲ್ಲ. ಕೇರಿಯ ಮಕ್ಕಳಿಗೆ ಡ್ರಮ್ ಕಲಿಸುವ ಶಾಲೆ ನಡೆಸಿದರು, ಜನಾಂಗ ಭೇದದ ವಿರುದ್ಧ ಮಾತಾಡಿದರು. ನೆಗಿನ್ಯೊ ದೊ ಸಾಂಬಾ ಆಮೇಲೆ 1993ರಲ್ಲಿ ದಿದಾ ಅಂತ ಹೆಂಗಸರದ್ದೇ ಡ್ರಮ್ ತಂಡ ಕಟ್ಟಿದರು. ಮೈಕಲ್ ಜಾಕ್ಸನ್ 1996ರಲ್ಲಿ ವಿಡಿಯೋ ಮಾಡಲಿಕ್ಕೆ ಹೋದದ್ದೂ ಇದೇ ಪೆಲೊರಿನ್ಯೊಗೆ, ಇದೇ ತಂಡದ ಹತ್ತಿರ. ಸೈಮನ್ ಆಲ್ಬಮ್‌ನಿಂದ ಅವರ ಹೆಸರು ಹೊರಗಿನ ಜಗತ್ತಿಗೆ ಗೊತ್ತಾಯಿತು ಅನ್ನೋದು ಸುಳ್ಳಲ್ಲ. ಆದರೆ ಅವರು ಅಷ್ಟು ಗಟ್ಟಿಯಾಗಿ ನಿಂತಿದ್ದರಿಂದಲೇ ಹೊರಗಿನವರು ಹುಡುಕಿಕೊಂಡು ಬಂದರು. ನಮ್ಮ ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಡಮಾಮಿ ಕಲಿಸುವ ಒಂದು ಕಾಯಂ ಶಾಲೆ ಈ ಜಿಲ್ಲೆಯಲ್ಲಿ ಆಗಬೇಕು ಅಂತ ನನ್ನ ಆಸೆ. ಉತ್ಸವದ ವೇದಿಕೆ ಮೇಲೆ ಹತ್ತು ನಿಮಿಷ ಕುಣಿಸಿ ಶಾಲು ಹೊದಿಸಿ ಕಳಿಸಿದರೆ ಏನೂ ಉಳಿಯೋದಿಲ್ಲ.


ಅಂಕೋಲಾ_ಗುಮಟೆ

ಗುಮಟೆ ಅಂತ ಕಂಡು ಬಂದೆ. ಸೈಮನ್ ಹಾಡು ಇವತ್ತೇ ಕೇಳಿದ್ದು, ತಮ್ಮ ಹಾಕಿ ಕೊಟ್ಟ. ಡ್ರಮ್ ಬಹಳ ಸೇರಿತು. ನಾನು ಹೇಳೋದು ಗುಮಟೆ ವಿಷಯ ಮಾತ್ರ.

ಗುಮಟೆ ಅಂದರೆ ಮಣ್ಣಿನ ಗಡಿಗೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಹಾಗೇ ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ, ಎಡಗೈ ಸಣ್ಣ ಬಾಯಿ ಮೇಲೆ. ಎಡಗೈ ಮುಚ್ಚಿ ತೆರೆದು ಮಾಡಿದಾಗಲೇ ಆ ಗುಂಮ್ ಅನ್ನುವ ಸದ್ದು ಹುಟ್ಟೋದು. ರೆಕಾರ್ಡ್ ಮಾಡಲಿಕ್ಕೆ ಬಂದವರು ಮೈಕ್ ತಂದು ಚರ್ಮದ ಎದುರು ಒಂದೇ ಇಡ್ತಾರೆ. ಆಗ ಟಪಟಪ ಮಾತ್ರ ಬರುತ್ತದೆ, ಗುಮಟೆಯ ಜೀವ ಬರೋದಿಲ್ಲ. ಸಣ್ಣ ಬಾಯಿಯ ಕಡೆಗೂ ಒಂದು ಮೈಕ್ ಇಡಿ, ಕೈಗೆ ತಾಗದಷ್ಟು ದೂರ. ಮತ್ತೆ ಒಂದು ಮೈಕ್ ಸ್ವಲ್ಪ ದೂರ, ಎಲ್ಲರನ್ನೂ ಒಟ್ಟಿಗೆ ಹಿಡಿಯಲಿಕ್ಕೆ. ಪಾಂಗಿನಲ್ಲಿ ಒಬ್ಬರೇ ಬಾರಿಸೋದಿಲ್ಲ, ಸಾಲಾಗಿ ಕೂತು ಬಾರಿಸುತ್ತಾರೆ, ಹಾಡೂ ಅವರದ್ದೇ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಹೆಡ್‌ಫೋನ್ ಹಾಕಿ ಬಾರಿಸಿ ಅಂದರೆ ಕೈ ಓಡೋದಿಲ್ಲ. ಪಕ್ಕದವರ ಭುಜ ಕಾಣಬೇಕು.

ಗಿಟಾರ್ ಹುಡುಗನಿಗೆ ಹೇಳಿ, ಕ್ಲಿಕ್ ಮೇಲೆ ಬಾರಿಸೋದು ನಮ್ಮ ಹಿರಿಯರಿಗೆ ಆಗೋದಿಲ್ಲ, ಆಗಬೇಕಾಗಿಯೂ ಇಲ್ಲ. ಹಾಡು ಏರುವಾಗ ಗುಮಟೆ ತಾನೇ ಸ್ವಲ್ಪ ಓಡುತ್ತದೆ, ಇಳಿಯುವಾಗ ನಿಧಾನ ಆಗುತ್ತದೆ. ಅದನ್ನು ತಿದ್ದಿ ಸಮ ಮಾಡಿದರೆ ಅದು ಸುಗ್ಗಿಯ ಗುಮಟೆ ಆಗಿ ಉಳಿಯೋದಿಲ್ಲ.

ಚರ್ಮದ ವಿಷಯ ಒಂದು. ಹಳೇ ಗುಮಟೆಗೆ ಉಡದ ಚರ್ಮ ಹಾಕ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಆಗೋದಿಲ್ಲ, ಈಗ ಆಡಿನ ಚರ್ಮ. ಸದ್ದು ಸ್ವಲ್ಪ ದಪ್ಪ. ಗೋವಾ ಸರ್ಕಾರ 2019ರಲ್ಲಿ ಘುಮಟ್ ಅನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಮಾಡಿತು, ಅದೂ ನಮ್ಮ ಗುಮಟೆಯ ಬಳಗದ್ದೇ. ಮಳೆಗಾಲದಲ್ಲಿ ಬರಬೇಡಿ. ತೇವಕ್ಕೆ ಚರ್ಮ ಸಡಿಲ ಆಗುತ್ತದೆ, ಬೆಂಕಿಗೆ ಹಿಡಿದು ಕಾಯಿಸುತ್ತಾ ಕೂರಬೇಕು, ಎರಡು ಹಾಡಿಗೆ ಮತ್ತೆ ಇಳಿಯುತ್ತದೆ.

ಹೊನ್ನಾವರದವರು ಹೇಳಿದ ಹೆಸರಿನ ಮಾತು ನೂರಕ್ಕೆ ನೂರು ಸರಿ. ನಮ್ಮ ಜಾನಪದ ಹಾಡುಗಾರ್ತಿ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, ಸಾವಿರಾರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ನಮ್ಮನ್ನು ಬಿಟ್ಟು ಹೋದರು. ಅವರ ಹಾಡು ಬಹಳ ಜನ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾರೆ. ಹಾಡಿದ್ದನ್ನು ವಾಪಸ್ ತಂದು ಊರಿನವರಿಗೆ ಕೇಳಿಸಿದವರು ಕಡಿಮೆ. ನೀವು ಮಾಡಿದ್ದನ್ನು ಮೊದಲು ಊರಿಗೆ ತಂದು ಕೇಳಿಸಿ, ಇದು ಬೇಡ ಅಂತ ಹಿರಿಯರು ಅಂದದ್ದನ್ನು ತೆಗೆಯಿರಿ, ಆಮೇಲೆ ಹೊರಗೆ ಹಾಕಿ.


ಕೋಡಿಬಾಗ_ಕೀಬೋರ್ಡ್ (ಕಾರವಾರ)

ಅಕ್ಕಾ, ಬಹಳ ಉಪಕಾರ ಆಯ್ತು. ಮೈಕ್ ಸಣ್ಣ ಬಾಯಿ ಕಡೆ ಇಡಬೇಕು ಅನ್ನೋದು ನಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ಪೋಸ್ಟ್ ಗಿಟಾರ್ ಹುಡುಗನಿಗೆ ಓದಿಸಿದೆ. ಕ್ಲಿಕ್ ಇಲ್ಲದೆ ಎಡಿಟ್ ಮಾಡೋದು ಕಷ್ಟ ಅಂತ ಒಂದು ಸಲ ಅಂದ, ಆಮೇಲೆ ಪೆಲೊರಿನ್ಯೊ ಹಾಡು ಹಾಕಿ ಕೇಳಿಸಿದೆ, ಈಗ ಗುಮಟೆಯೇ ಮೊದಲು ಅಂತ ಅವನೇ ಹೇಳ್ತಾ ಇದ್ದಾನೆ. ಪಾಲಿನ ಕಾಗದ ನಾವು ಬರೆದುಕೊಂಡೇ ಬರ್ತೇವೆ, ನೀವೂ ನಿಮ್ಮ ಹಿರಿಯರೂ ಓದಿ ತಿದ್ದಿ. ಹಾಡು ಬರೆದವರ ಜಾಗದಲ್ಲಿ ಪಾಂಗಿನವರ ಹೆಸರೂ ಇರುತ್ತದೆ.

ಶಿರಸಿಯವರೇ, ಮೂಲ ಬ್ರೆಜಿಲ್ ಸಂಗೀತ ಎಲ್ಲಿಂದ ಕೇಳಲಿ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ!


ಶಿರಸಿ_ಕ್ಯಾಸೆಟ್

ಡ್ರಮ್ ಬೇಕಿದ್ದರೆ ಮೊದಲು ಇಲೆ ಆಯ್ಯೆ ಕೇಳಿ. ಸಾಲ್ವಡಾರ್‌ನಲ್ಲಿ 1974ರಲ್ಲಿ ಹುಟ್ಟಿದ ತಂಡ, ಇಂಥ ತಂಡಗಳಲ್ಲೆಲ್ಲ ಮೊದಲನೆಯದು. ಒಲೊಡುಮ್‌ಗಿಂತ ನಿಧಾನ, ಗಂಭೀರ. ಅದು ಕಿವಿಗೆ ಕೂತ ಮೇಲೆ 1987ರ ಹೊತ್ತಿನ ಒಲೊಡುಮ್ ಹಾಕಿ. ಸೈಮನ್ ಹೋಗುವ ಮೊದಲೇ ಇವರು ಏನೇನು ಮಾಡಿ ಮುಗಿಸಿದ್ದರು ಅಂತ ಆಗ ತಿಳಿಯುತ್ತದೆ.

ಹಾಡು ಬೇಕಿದ್ದರೆ ಮಿಲ್ಟನ್ ನಾಸಿಮೆಂಟು ಮತ್ತು ಲೋ ಬೋರ್ಜಿಸ್ ಸೇರಿ 1972ರಲ್ಲಿ ಮಾಡಿದ 'ಕ್ಲೂಬಿ ದ ಎಸ್ಕಿನಾ'. ಒಂದು ಹಾಡೂ ಬಿಡಬೇಡಿ. ಮಿಲ್ಟನ್ ಅವರ ಎತ್ತರದ ದನಿ ಕೇಳಿದ ಮೇಲೆ ಸೈಮನ್ ಯಾಕೆ ಅವರನ್ನು ಕರೆದರು ಅಂತ ಕೇಳಬೇಕಾಗೋದಿಲ್ಲ. ಇಬ್ಬರ ಗೆಳೆತನ ಇವತ್ತಿಗೂ ಇದೆ, 2024ರಲ್ಲಿ ಮಿಲ್ಟನ್ ಮತ್ತು ಎಸ್ಪೆರಾನ್ಸಾ ಸ್ಪಾಲ್ಡಿಂಗ್ ಮಾಡಿದ ಆಲ್ಬಮ್‌ನಲ್ಲಿ ಸೈಮನ್ ಬಂದು ಹಾಡಿದ್ದಾರೆ. ಬೊಸ್ಸಾ ನೋವಾ ಕೇಳಬೇಕಿದ್ದರೆ ಜೊಆಂವ್ ಜಿಲ್ಬರ್ತು, ಆದರೆ ಅದು ರಿಯೊದ ಕೋಣೆಯೊಳಗಿನ ಸಂಗೀತ, ನಿಮ್ಮ ಕೆಲಸಕ್ಕೆ ಅಷ್ಟು ಹತ್ತಿರ ಇಲ್ಲ. ಅದಕ್ಕಿಂತ ಸೆರ್ಜಿಯೊ ಮೆಂಡಿಸ್ ಅವರ 1992ರ 'ಬ್ರಜಿಲೇರು' ಕೇಳಿ, ಬಹಿಯಾದ ಕಾರ್ಲಿನ್ಯೋಸ್ ಬ್ರೌನ್ ಅದರಲ್ಲಿ ಹಾಡೂ ಬರೆದಿದ್ದಾರೆ. ತಾಳ ಕಟ್ಟುವವರಿಗೆ ಬರೆಯುವವರ ಜಾಗ ಸಿಕ್ಕಿದರೆ ಹಾಡು ಹೇಗೆ ಬೇರೆ ಆಗುತ್ತದೆ ಅಂತ ಹೊನ್ನಾವರದವರಿಗೂ ಅದರಲ್ಲಿ ಕೇಳಿಸುತ್ತದೆ.


ಚಂಡೆಮದ್ದಲೆ_ಹೊನ್ನಾವರ

ಕೇಳ್ತೇನೆ. ಕೋಡಿಬಾಗದವರೇ, ರೆಕಾರ್ಡಿಂಗ್ ದಿನ ನಾನೂ ಬರಬಹುದಾ? ಬಾರಿಸಲಿಕ್ಕೆ ಅಲ್ಲ, ಕೂತು ಕೇಳಲಿಕ್ಕೆ.


ಅಂಕೋಲಾ_ಗುಮಟೆ

ಬನ್ನಿ ಅಣ್ಣಾ, ಎಲ್ಲರೂ ಬನ್ನಿ. ದೀಪಾವಳಿ ಕಳೆದ ಮೇಲೆ ಗದ್ದೆ ಕೆಲಸ ಮುಗಿಯುತ್ತದೆ, ಚರ್ಮವೂ ಒಣಗಿ ಬಿಗಿ ಆಗಿರುತ್ತದೆ. ಸಂಜೆ ಹೊತ್ತಿಗೆ ಬಂದರೆ ಹಿರಿಯರೆಲ್ಲ ಸಿಗ್ತಾರೆ. ಯಾವ ದಿನ ಅಂತ ಒಂದು ವಾರ ಮುಂಚೆ ತಿಳಿಸಿ, ಸಾಕು.